ಕನ್ನಡ ಬಂತು, ಕಂಟ್ರೋಲ್-ಸಿ ಎಲ್ಲಿ ಹೋಯಿತು?

ಸಂಘದ ಆಮಂತ್ರಣ ಪತ್ರಿಕೆಯನ್ನು ಕನ್ನಡದಲ್ಲಿ ಟೈಪ್ ಮಾಡಿಯಾಗಿದೆ. ಕೊನೆಯ ಸಾಲನ್ನು ಮೇಲಕ್ಕೆ ತರಬೇಕು. ಸಾಲನ್ನು ಆಯ್ದು ಕಂಟ್ರೋಲ್-ಸಿ ಒತ್ತಿದರೆ ಏನೂ ಆಗುವುದಿಲ್ಲ. ಕಂಟ್ರೋಲ್-ವಿ ಒತ್ತಿದರೂ ಅಷ್ಟೇ. ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿ ಒತ್ತಿ ನೋಡಿ, ಎರಡೂ ಸರಾಗವಾಗಿ ಕೆಲಸ ಮಾಡುತ್ತವೆ. ಲಿನಕ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರು ನನ್ನನ್ನು ಹೆಚ್ಚಾಗಿ ಕೇಳುವುದು ಈ ತೊಂದರೆಯ ಬಗ್ಗೆಯೇ.

ಮುಂಬಯಿಯ ಆಂಟಾಪ್ ಹಿಲ್ ಸುತ್ತಮುತ್ತ ಈ ಪ್ರಶ್ನೆ ಈಚೆಗೆ ಹೆಚ್ಚಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ತಕ್ಕಮಟ್ಟಿಗೆ ಹೊಸ ಪ್ರೊಸೆಸರ್ ಬೇಕು. ಕೇಂದ್ರ ಸರ್ಕಾರಿ ನೌಕರರ ಕಾಲೊನಿಯಲ್ಲಿ, ವಡಾಲ ಮತ್ತು ಸಾಯನ್ ಕೋಳಿವಾಡದ ಮನೆಗಳಲ್ಲಿ, ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ಗಳಲ್ಲಿ ಇವೆರಡೂ ಇಲ್ಲದ ಯಂತ್ರಗಳು ಬಹಳ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಎಸೆಯಲು ಮನಸ್ಸಿಲ್ಲದವರು ಉಬುಂಟುವನ್ನೋ ಲಿನಕ್ಸ್ ಮಿಂಟ್‌ ಅನ್ನೋ ಹಾಕಿಸಿಕೊಂಡಿದ್ದಾರೆ. ಇದು ಒಳ್ಳೆಯ ನಿರ್ಧಾರ. ಆದರೆ ಕನ್ನಡ ಸೇರಿಸಿದ ಮೊದಲ ವಾರದಲ್ಲೇ ಶಾರ್ಟ್‌ಕಟ್‌ಗಳು ಕೈಕೊಟ್ಟರೆ ಹಲವರು ತೆಗೆದುಕೊಳ್ಳುವ ಮುಂದಿನ ನಿರ್ಧಾರ ನನಗೆ ಬೇಸರ ತರಿಸುತ್ತದೆ: ಅವರು ಕನ್ನಡವನ್ನೇ ತೆಗೆದುಹಾಕುತ್ತಾರೆ. ಅಲ್ಲಿಂದ ಮುಂದೆ ಸಂಘದ ಸೂಚನೆಗಳೂ ಮನೆಯವರಿಗೆ ಬರೆಯುವ ಮಾತುಗಳೂ ಇಂಗ್ಲಿಷ್ ಅಕ್ಷರಗಳಲ್ಲಿ ಹೋಗುತ್ತವೆ.

ಕನ್ನಡ ತೆಗೆಯುವ ಅಗತ್ಯವೇ ಇಲ್ಲ. ದೋಷ ಕನ್ನಡದ್ದಲ್ಲ, ನಿಮ್ಮದೂ ಅಲ್ಲ. ಅದು ಎಲ್ಲಿದೆ ಎಂದು ಹುಡುಕುವ ಕ್ರಮವೊಂದಿದೆ. ಆ ಕ್ರಮ ತಿಳಿದರೆ ಹೆಚ್ಚಿನ ತೊಂದರೆಗಳು ಅರ್ಧ ಗಂಟೆಯೊಳಗೆ ಸರಿಹೋಗುತ್ತವೆ.

ಮುಂಬಯಿಗೆ ಈ ವಿಷಯದಲ್ಲಿ ವಿಶೇಷ ಹಕ್ಕೂ ಇದೆ. ಇಂದು ಬಹಳಷ್ಟು ಕನ್ನಡಿಗರು ಕಂಪ್ಯೂಟರಿನಲ್ಲಿ ಬಳಸುವ ಕೀಬೋರ್ಡ್ ವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳದ ಕೆ.ಪಿ. ರಾವ್ ಇದೇ ಊರಿನಲ್ಲಿ ದುಡಿದವರು, ಮೊದಲು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್‌ನಲ್ಲಿ. ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಮನೆಮನೆಗೆ ತಲುಪಿತು. ಲಿನಕ್ಸ್‌ನ ಪಟ್ಟಿಯಲ್ಲಿ ಅದು ‘ಕಗಪ’ ಅಥವಾ ‘ಕೆಜಿಪಿ’ ಎಂಬ ಹೆಸರಿನಲ್ಲಿದೆ. ಇದಲ್ಲದೆ, ಭಾರತೀಯ ಭಾಷೆಗಳನ್ನು ಲಿನಕ್ಸ್ ಪರದೆಯ ಮೇಲೆ ತರುವ ‘ಇಂಡಿಕ್ಸ್’ ಎಂಬ ಕೆಲಸ 2000ರ ಆಸುಪಾಸಿನಲ್ಲಿ ನಡೆದದ್ದೂ ಮುಂಬಯಿಯ ಎನ್‌ಸಿಎಸ್‌ಟಿಯಲ್ಲೇ. ಆ ಸಂಸ್ಥೆ ಮುಂದೆ ಸಿ-ಡ್ಯಾಕ್‌ನ ಭಾಗವಾಯಿತು. ಇಷ್ಟು ಕೆಲಸ ನಡೆದ ಊರಿನಲ್ಲಿ ಒಂದು ಕಂಟ್ರೋಲ್-ಸಿಗಾಗಿ ಕನ್ನಡ ಬಿಡುವುದು ಸಲ್ಲದು.

ಒತ್ತಿದ ಕೀ ಯಾರ ಕೈಗೆ ಹೋಗುತ್ತದೆ?

ನೀವು ಒತ್ತಿದ ಕೀ ನೇರವಾಗಿ ಬರವಣಿಗೆಯ ಪುಟಕ್ಕೆ ಹೋಗುವುದಿಲ್ಲ. ಕೀಬೋರ್ಡ್ ಮೊದಲು ಅದನ್ನು ಒಂದು ಸಂಖ್ಯೆಯಾಗಿ ಲಿನಕ್ಸ್ ಕರ್ನಲ್‌ಗೆ ಒಪ್ಪಿಸುತ್ತದೆ. ‘ಸಿ’ ಕೀಗೆ ಕರ್ನಲ್ ಕೊಟ್ಟಿರುವ ಸಂಖ್ಯೆ 46. ನೀವು ಯಾವ ಭಾಷೆಯಲ್ಲಿದ್ದರೂ ಅದು ಬದಲಾಗುವುದಿಲ್ಲ. ಮುಂದಿನ ಹಂತದಲ್ಲಿ, ಪರದೆಯನ್ನು ನಡೆಸುವ ವ್ಯವಸ್ಥೆ ಆಗ ಚಾಲ್ತಿಯಲ್ಲಿರುವ ಲೇಔಟ್ (ಕೀಬೋರ್ಡ್ ವಿನ್ಯಾಸ) ನೋಡಿ ಆ ಸಂಖ್ಯೆಗೆ ಒಂದು ಅಕ್ಷರ ಕೊಡುತ್ತದೆ. ಇಂಗ್ಲಿಷ್ ಲೇಔಟ್ ಇದ್ದರೆ ‘ಸಿ’, ಕಗಪ ಇದ್ದರೆ ‘ಚ’, ಇನ್‌ಸ್ಕ್ರಿಪ್ಟ್ ಇದ್ದರೆ ‘ಮ’. ಆಮೇಲೆ ಡೆಸ್ಕ್‌ಟಾಪ್ ಇದು ತನ್ನ ಶಾರ್ಟ್‌ಕಟ್ಟೇ ಎಂದು ನೋಡುತ್ತದೆ. ತನ್ನದಲ್ಲದಿದ್ದರೆ ಭಾಷಾ ಸಾಧನಕ್ಕೆ, ಕೊನೆಯಲ್ಲಿ ನೀವು ಬಳಸುತ್ತಿರುವ ಆ್ಯಪ್‌ಗೆ ಬಿಟ್ಟುಕೊಡುತ್ತದೆ.

ತೊಂದರೆಯ ಮೂಲ ಇಲ್ಲಿದೆ. ಕಾಪಿ ಮಾಡಲು ಆ್ಯಪ್ ಕಾಯುತ್ತಿರುವುದು 46ನೆಯ ಕೀಗಾಗಿ ಅಲ್ಲ, ಕಂಟ್ರೋಲ್ ಜೊತೆ ‘ಸಿ’ ಎಂಬ ಅಕ್ಷರಕ್ಕಾಗಿ. ಕಳೆದ ಶತಮಾನದ 70ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ಕಟ್, ಕಾಪಿ, ಪೇಸ್ಟ್ ರೂಪಿಸಿದರು. 1983ರ ಆ್ಯಪಲ್ ಲಿಸಾದಲ್ಲಿ ಅವು ಎಕ್ಸ್, ಸಿ, ವಿ ಕೀಗಳ ಮೇಲೆ ಕೂತವು. ಇಂಗ್ಲಿಷ್ ಕೀಬೋರ್ಡಿನ ಕೆಳಸಾಲಿನಲ್ಲಿ ಒತ್ತಾಗಿರುವ ಕೀಗಳು ಅವು. ಆ ಲೆಕ್ಕದಲ್ಲಿ ಬೇರೆ ಲಿಪಿಗಳಿರಲಿಲ್ಲ. ಕನ್ನಡ ಲೇಔಟ್‌ನಲ್ಲಿದ್ದಾಗ ನೀವು ಕಳಿಸುತ್ತಿರುವುದು ‘ಕಂಟ್ರೋಲ್-ಚ’ ಅಥವಾ ‘ಕಂಟ್ರೋಲ್-ಮ’. ಆ ಹೆಸರಿನ ಶಾರ್ಟ್‌ಕಟ್ ಎಲ್ಲೂ ಇಲ್ಲ, ಹಾಗಾಗಿ ಏನೂ ಆಗುವುದಿಲ್ಲ. ರಷ್ಯನ್, ಗ್ರೀಕ್, ಹೀಬ್ರೂ ಬರೆಯುವವರಿಗೂ ಇದೇ ಪಾಡು.

ಲಿನಕ್ಸ್ ಆ್ಯಪ್‌ಗಳ ಹಿಂದೆ ಕೆಲಸ ಮಾಡುವ ಜಿಟಿಕೆ, ಕ್ಯೂಟಿ ಎಂಬ ಎರಡು ದೊಡ್ಡ ಸಾಧನಗಳು ಇದಕ್ಕೆ ಒಂದು ದಾರಿ ಕಂಡುಕೊಂಡಿವೆ. ಈಗಿನ ಲೇಔಟ್‌ನಲ್ಲಿ ಇಂಗ್ಲಿಷ್ ಅಕ್ಷರ ಸಿಗದಿದ್ದರೆ, ಅದೇ ಕೀ ನೀವು ಸೇರಿಸಿಕೊಂಡಿರುವ ಬೇರೆ ಲೇಔಟ್‌ನಲ್ಲಿ ಏನಾಗುತ್ತದೆ ಎಂದು ಅವು ನೋಡುತ್ತವೆ. ಪಟ್ಟಿಯಲ್ಲಿ ಇಂಗ್ಲಿಷೂ ಇದ್ದರೆ ‘ಚ’ದ ಹಿಂದಿರುವ ‘ಸಿ’ ಸಿಕ್ಕುತ್ತದೆ, ಕಾಪಿ ಆಗುತ್ತದೆ. ಆದರೆ ಎಲ್ಲ ಆ್ಯಪ್‌ಗಳೂ ಇಷ್ಟು ಶ್ರದ್ಧೆಯಿಂದ ಹುಡುಕುವುದಿಲ್ಲ. ಅದಕ್ಕೇ ಒಂದೇ ಯಂತ್ರದಲ್ಲಿ ಒಂದು ಆ್ಯಪ್‌ನಲ್ಲಿ ಕೆಲಸ ಮಾಡುವ ಶಾರ್ಟ್‌ಕಟ್ ಇನ್ನೊಂದರಲ್ಲಿ ಸುಮ್ಮನಿರುತ್ತದೆ.

ಕನ್ನಡ ಬರೆಯುವವರು ಮಾಡಬೇಕಾದ್ದು

ಲಿನಕ್ಸ್‌ನಲ್ಲಿ ಕನ್ನಡಕ್ಕೆ ಎರಡು ಬಾಗಿಲುಗಳಿವೆ ಎಂಬುದು ಹಲವರಿಗೆ ಗೊತ್ತಿಲ್ಲ. ಒಂದು, ಮೇಲೆ ಹೇಳಿದ ಲೇಔಟ್. ಅದು ಕೀಗೆ ನೇರವಾಗಿ ಕನ್ನಡ ಅಕ್ಷರ ಅಂಟಿಸುತ್ತದೆ. ಇನ್ನೊಂದು, ಐಬಸ್ ಎಂಬ ಭಾಷಾ ಸಾಧನ. ಇಲ್ಲಿ ಕೀಬೋರ್ಡ್ ಇಂಗ್ಲಿಷಾಗಿಯೇ ಉಳಿದಿರುತ್ತದೆ. ನೀವು ಒತ್ತಿದ ಇಂಗ್ಲಿಷ್ ಅಕ್ಷರಗಳನ್ನು ಐಬಸ್ ಕನ್ನಡವಾಗಿ ಜೋಡಿಸಿ ಪುಟಕ್ಕೆ ಕೊಡುತ್ತದೆ. ಕಂಟ್ರೋಲ್ ಜೊತೆ ಒತ್ತಿದ ಕೀಗಳನ್ನು ಮುಟ್ಟದೆ ಆ್ಯಪ್‌ಗೆ ಬಿಡುತ್ತದೆ. ಹಾಗಾಗಿ ಕಂಟ್ರೋಲ್-ಸಿ ಕಂಟ್ರೋಲ್-ಸಿಯಾಗಿಯೇ ತಲುಪುತ್ತದೆ.

ಶಾರ್ಟ್‌ಕಟ್ ತೊಂದರೆ ಇರುವವರಿಗೆ ನನ್ನ ಮೊದಲ ಸಲಹೆ ಈ ಎರಡನೆಯ ಬಾಗಿಲು. ಸಾಫ್ಟ್‌ವೇರ್ ಅಂಗಡಿಯಲ್ಲಿ ‘ಐಬಸ್-ಎಂ17ಎನ್’ ಎಂಬ ಪ್ಯಾಕೇಜ್ ಹುಡುಕಿ ಹಾಕಿಕೊಳ್ಳಿ. ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗಕ್ಕೆ ಹೋಗಿ, ಇನ್‌ಪುಟ್ ಸೋರ್ಸ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಆರಿಸಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಇದು ಪರಿಚಿತ ವಿನ್ಯಾಸವೇ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಅಲ್ಲಿದೆ. ಮಿಂಟ್‌ನಲ್ಲಾದರೆ ಇನ್‌ಪುಟ್ ಮೆಥಡ್ ಎಂಬ ಕಿಟಕಿ ತೆರೆದು ಐಬಸ್ ಆರಿಸಿಕೊಳ್ಳಬೇಕು. ಇದಾದ ಮೇಲೆ ಹಳೆಯ ‘ಕನ್ನಡ’ ಲೇಔಟ್ ಅನ್ನು ಪಟ್ಟಿಯಿಂದ ತೆಗೆಯಿರಿ. ಎರಡೂ ಇದ್ದರೆ ಯಾವುದರಲ್ಲಿದ್ದೇವೆ ಎಂಬ ಗೊಂದಲ ತಪ್ಪದು.

ಲೇಔಟ್ ಬಾಗಿಲೇ ಒಗ್ಗಿದೆ ಎನ್ನುವವರು ಎರಡು ನಿಯಮ ಪಾಲಿಸಿದರೆ ಸಾಕು. ಪಟ್ಟಿಯಲ್ಲಿ ಇಂಗ್ಲಿಷನ್ನು ತೆಗೆಯಬೇಡಿ, ಅದು ಮೊದಲ ಸ್ಥಾನದಲ್ಲಿರಲಿ. ನಾಲ್ಕಕ್ಕಿಂತ ಹೆಚ್ಚು ಲೇಔಟ್ ಸೇರಿಸಬೇಡಿ. ಎಕ್ಸ್‌ಕೆಬಿ ಎಂಬ ಕೀಬೋರ್ಡ್ ವ್ಯವಸ್ಥೆಗೆ ಏಕಕಾಲಕ್ಕೆ ನಾಲ್ಕೇ ಲೇಔಟ್ ಹಿಡಿಸುತ್ತವೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂದು ಸೇರಿಸುತ್ತಾ ಹೋಗುವ ಮುಂಬಯಿಯ ಮನೆಗಳಲ್ಲಿ ಈ ಮಿತಿ ಬೇಗ ತಲುಪುತ್ತದೆ.

ಭಾಷೆ ಬದಲಿಸುವ ಕೀಯೇ ಶಾರ್ಟ್‌ಕಟ್ ನುಂಗಿದಾಗ

ಎರಡನೆಯ ದೊಡ್ಡ ಕಾರಣವೂ ಭಾಷೆಗೆ ಸಂಬಂಧಿಸಿದ್ದೇ. ಕನ್ನಡ-ಇಂಗ್ಲಿಷ್ ಬದಲಿಸಲು ಕೆಲವರು ಕಂಟ್ರೋಲ್-ಶಿಫ್ಟ್, ಕೆಲವರು ಆಲ್ಟ್-ಶಿಫ್ಟ್ ಜೋಡಿ ಇಟ್ಟುಕೊಂಡಿರುತ್ತಾರೆ. ಪರದೆ ನಡೆಸುವ ಹಳೆಯ ವ್ಯವಸ್ಥೆಯಾದ ಎಕ್ಸ್ ಸರ್ವರ್ ಈ ಜೋಡಿಯನ್ನು ಒತ್ತಿದ ಕ್ಷಣವೇ ಭಾಷೆ ಬದಲಿಸುತ್ತದೆ. ಬೆರಳು ಎತ್ತುವವರೆಗೆ ಕಾಯುವುದಿಲ್ಲ. ಟರ್ಮಿನಲ್‌ನಲ್ಲಿ ಕಾಪಿಗೆ ಕಂಟ್ರೋಲ್-ಶಿಫ್ಟ್-ಸಿ ಒತ್ತಹೊರಟರೆ, ‘ಸಿ’ಗೆ ಬೆರಳು ತಲುಪುವ ಮೊದಲೇ ಭಾಷೆ ಬದಲಾಗಿರುತ್ತದೆ. ಹಿಂದಿನ ಕಿಟಕಿಗೆ ಹೋಗುವ ಆಲ್ಟ್-ಶಿಫ್ಟ್-ಟ್ಯಾಬ್ ಕೂಡ ಹೀಗೆಯೇ ಕೆಡುತ್ತದೆ. ಪರಿಹಾರ ಸುಲಭ: ಭಾಷೆ ಬದಲಿಸಲು ಸೂಪರ್-ಸ್ಪೇಸ್ ಇಡಿ. ವಿಂಡೋಸ್ ಚಿಹ್ನೆ ಇರುವ ಕೀಯೇ ಲಿನಕ್ಸ್‌ನ ಸೂಪರ್. ಅದು ಬೇಡವಾದರೆ ನಿಮಗೆ ಉಪಯೋಗವಿಲ್ಲದ ಕ್ಯಾಪ್ಸ್ ಲಾಕ್‌ಗೆ ಆ ಕೆಲಸ ಒಪ್ಪಿಸಿ.

ಭಾರತದವರಿಗೇ ಎದುರಾಗುವ ಇನ್ನೊಂದು ತೊಡಕಿದೆ. ರೂಪಾಯಿ ಚಿಹ್ನೆ ಇರುವ ಭಾರತೀಯ ಇಂಗ್ಲಿಷ್ ಲೇಔಟ್ ಆರಿಸಿಕೊಂಡರೆ, ಬಲಗಡೆಯ ಆಲ್ಟ್ ಮತ್ತು 4 ಒತ್ತಿದಾಗ ₹ ಬರುತ್ತದೆ. ಈ ಅನುಕೂಲಕ್ಕಾಗಿ ಬಲಗಡೆಯ ಆಲ್ಟ್ ತನ್ನ ಮೊದಲ ಕೆಲಸ ಬಿಟ್ಟಿರುತ್ತದೆ. ಬಲ ಆಲ್ಟ್‌ನಿಂದ ಶಾರ್ಟ್‌ಕಟ್ ಒತ್ತುವ ಅಭ್ಯಾಸವಿದ್ದವರಿಗೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಎಡ ಆಲ್ಟ್‌ನಿಂದ ಒತ್ತಿ ನೋಡಿ. ಅದರಿಂದ ಆಗುತ್ತದೆ ಎಂದಾದರೆ ಕಾರಣ ಇದೇ.

ಐಬಸ್ ಕೂಡ ಕೆಲವು ಜೋಡಿಗಳನ್ನು ತನಗೆಂದು ಇಟ್ಟುಕೊಂಡಿದೆ. ಯೂನಿಕೋಡ್ ಸಂಖ್ಯೆಯಿಂದ ಅಕ್ಷರ ಬರೆಯಲು ಕಂಟ್ರೋಲ್-ಶಿಫ್ಟ್-ಯು, ಇಮೋಜಿಗೆ ಹಲವು ಆವೃತ್ತಿಗಳಲ್ಲಿ ಕಂಟ್ರೋಲ್ ಮತ್ತು ಚುಕ್ಕಿ. ಕೋಡ್ ಬರೆಯುವ ಆ್ಯಪ್‌ಗಳು ಇವೇ ಜೋಡಿಗಳನ್ನು ಬೇರೆ ಕೆಲಸಕ್ಕೆ ಬಳಸುತ್ತವೆ. ಐಬಸ್‌ನ ಸೆಟ್ಟಿಂಗ್ ಕಿಟಕಿಯಲ್ಲಿ ಇಮೋಜಿ ವಿಭಾಗಕ್ಕೆ ಹೋಗಿ ಬೇಡದ್ದನ್ನು ಅಳಿಸಬಹುದು. ಯೂನಿಕೋಡ್ ಜೋಡಿಯನ್ನು ಮಾತ್ರ ಅಳಿಸುವ ಮೊದಲು ಯೋಚಿಸಿ. ಹಳಗನ್ನಡದ ಪಾಠ ಟೈಪ್ ಮಾಡುವವರಿಗೆ ಱ, ೞ ಬರೆಯಲು ಅದು ನಂಬಿಕೆಯ ದಾರಿ.

ಕನ್ನಡಕ್ಕೆ ಸಂಬಂಧವಿಲ್ಲದ ಕಾರಣಗಳು

ಭಾಷೆ ಇಂಗ್ಲಿಷಿನಲ್ಲಿದ್ದಾಗಲೂ ಶಾರ್ಟ್‌ಕಟ್ ನಡೆಯುತ್ತಿಲ್ಲವೇ? ಆಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಟ್ಟದ್ದು ಆ್ಯಪ್ ಒಳಗಿನ ಶಾರ್ಟ್‌ಕಟ್ಟೋ, ಡೆಸ್ಕ್‌ಟಾಪಿನದ್ದೋ? ಕಂಟ್ರೋಲ್-ಸಿ, ಕಂಟ್ರೋಲ್-ಎಸ್ ಆ್ಯಪ್‌ಗೆ ಸೇರಿದ್ದು. ಸೂಪರ್ ಕೀ, ಆಲ್ಟ್-ಟ್ಯಾಬ್, ಸ್ಕ್ರೀನ್‌ಶಾಟ್, ಧ್ವನಿ ಏರಿಸಿ ಇಳಿಸುವ ಕೀ ಡೆಸ್ಕ್‌ಟಾಪಿಗೆ ಸೇರಿದ್ದು.

ಕಂಟ್ರೋಲ್-ಸಿ ಸರಿಯಿದ್ದು ಧ್ವನಿಯ ಕೀಗಳೂ ನೀವೇ ಮಾಡಿಕೊಂಡ ಶಾರ್ಟ್‌ಕಟ್‌ಗಳೂ ಒಟ್ಟಿಗೆ ನಿಂತರೆ, ಅವುಗಳನ್ನು ನೋಡಿಕೊಳ್ಳುವ ಹಿನ್ನೆಲೆಯ ಪ್ರೋಗ್ರಾಂ ನಿಂತಿರುವ ಸಾಧ್ಯತೆ ಹೆಚ್ಚು. ಗ್ನೋಮ್ ಡೆಸ್ಕ್‌ಟಾಪಿಗೂ ಕೆಡಿಇಗೂ ಇದಕ್ಕೆಂದೇ ಪ್ರತ್ಯೇಕ ಪ್ರೋಗ್ರಾಂಗಳಿವೆ. ಕೆಲಸ ಉಳಿಸಿಕೊಂಡು ಲಾಗ್ ಔಟ್ ಆಗಿ ಬಂದರೆ ಅವು ಮತ್ತೆ ಶುರುವಾಗುತ್ತವೆ. ಒಂದೇ ಒಂದು ಶಾರ್ಟ್‌ಕಟ್ ನಿಂತಿದ್ದರೆ ಬೇರೆ ಯಾವುದೋ ಅದನ್ನು ತೆಗೆದುಕೊಂಡಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್‌ಕಟ್‌ಗಳ ಪೂರ್ಣ ಪಟ್ಟಿ ಇದೆ. ಅದೇ ಜೋಡಿ ಬೇರೆ ಕೆಲಸದ ಮುಂದೆ ಕಂಡರೆ ಅಲ್ಲಿಂದ ತೆಗೆಯಿರಿ. ಎಲ್ಲವನ್ನೂ ಮೊದಲಿನಂತೆ ಮಾಡುವ ಗುಂಡಿಯೂ ಗ್ನೋಮ್‌ನಲ್ಲಿ ಅಲ್ಲೇ ಸಿಗುತ್ತದೆ. ಅದನ್ನು ಒತ್ತುವ ಮೊದಲು ನಿಮ್ಮದೇ ಶಾರ್ಟ್‌ಕಟ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕೀಬೋರ್ಡೇ ಸತ್ತಂತೆ ಅನಿಸಿ, ಕೀಯನ್ನು ಒಂದೆರಡು ಸೆಕೆಂಡ್ ಒತ್ತಿಹಿಡಿದರೆ ಮಾತ್ರ ಅಕ್ಷರ ಮೂಡುತ್ತಿದ್ದರೆ ‘ಸ್ಲೋ ಕೀಸ್’ ಎಂಬ ಸೌಲಭ್ಯ ಶುರುವಾಗಿದೆ. ಕೈ ನಡುಗುವವರ ಅನುಕೂಲಕ್ಕಾಗಿ ಇರುವ ಒಳ್ಳೆಯ ಸೌಲಭ್ಯ ಅದು. ಕೀಬೋರ್ಡಿನಿಂದಲೇ ಅದನ್ನು ಶುರುಮಾಡುವ ಆಯ್ಕೆ ತೆರೆದಿದ್ದರೆ, ಶಿಫ್ಟ್ ಅನ್ನು 8 ಸೆಕೆಂಡ್ ಒತ್ತಿಹಿಡಿದಾಗ ಅದು ಬರುತ್ತದೆ. ಶಿಫ್ಟ್ ಅನ್ನು ಸತತವಾಗಿ 5 ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಬರುತ್ತದೆ. ಮಹಾಪ್ರಾಣಕ್ಕೆ, ಳಕಾರಕ್ಕೆ ಪದೇಪದೇ ಶಿಫ್ಟ್ ಒತ್ತುವ, ಮುಂದಿನ ಪದಕ್ಕಾಗಿ ಯೋಚಿಸುತ್ತಾ ಬೆರಳನ್ನು ಅಲ್ಲೇ ಬಿಡುವ ಕನ್ನಡದ ಬರಹಗಾರರು ಇದರಲ್ಲಿ ಸಿಕ್ಕಿಬೀಳುವುದು ಸಹಜ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಎರಡನ್ನೂ ನಿಲ್ಲಿಸಬಹುದು, ಕೀಬೋರ್ಡಿನಿಂದ ಶುರುವಾಗುವ ಆಯ್ಕೆಯನ್ನೂ ಮುಚ್ಚಬಹುದು.

ಟರ್ಮಿನಲ್‌ಗೆ ತನ್ನದೇ ಹಳೆಯ ನಿಯಮಗಳಿವೆ. ಅಲ್ಲಿ ಕಂಟ್ರೋಲ್-ಸಿ ಎಂದರೆ ನಡೆಯುತ್ತಿರುವ ಕೆಲಸ ನಿಲ್ಲಿಸು ಎಂದು. ಕಾಪಿಗೆ ಕಂಟ್ರೋಲ್-ಶಿಫ್ಟ್-ಸಿ, ಪೇಸ್ಟ್‌ಗೆ ಕಂಟ್ರೋಲ್-ಶಿಫ್ಟ್-ವಿ. ಉಳಿಸೋಣ ಎಂದು ಕಂಟ್ರೋಲ್-ಎಸ್ ಒತ್ತಿದರೆ ಪರದೆ ಅಲ್ಲಾಡದೆ ನಿಲ್ಲುತ್ತದೆ. ಗಾಬರಿಯಾಗಿ ಯಂತ್ರ ಆರಿಸಬೇಡಿ, ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ನಡೆಯುತ್ತದೆ.

ಲಿನಕ್ಸ್‌ನ ಹೊಸ ಆವೃತ್ತಿ ಹಾಕಿಕೊಂಡ ಮಾರನೆಯ ದಿನವೇ ಶಾರ್ಟ್‌ಕಟ್‌ಗಳು ಮಾಯವಾಗಿದ್ದರೆ ಕಾರಣ ವೇಲ್ಯಾಂಡ್ ಆಗಿರಬಹುದು. ದಶಕಗಳಿಂದ ಪರದೆ ನಡೆಸುತ್ತಿದ್ದ ಎಕ್ಸ್ ಸರ್ವರ್‌ನ ಜಾಗಕ್ಕೆ ಬಂದಿರುವ ವ್ಯವಸ್ಥೆ ಅದು. ಫೆಡೋರಾ 2016ರಲ್ಲಿ, ಉಬುಂಟು 21.04ರಿಂದ ಬಹುಪಾಲು ಯಂತ್ರಗಳಲ್ಲಿ, ಕೆಡಿಇ ಪ್ಲಾಸ್ಮಾ 6 ಆವೃತ್ತಿ 2024ರಲ್ಲಿ ಅದಕ್ಕೆ ಹೊರಳಿದವು. ಎಕ್ಸ್‌ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಎಲ್ಲ ಕೀಗಳನ್ನೂ ಕೇಳಿಸಿಕೊಳ್ಳಬಹುದಿತ್ತು, ನಿಮ್ಮ ಪಾಸ್‌ವರ್ಡ್ ಸಹಿತ. ವೇಲ್ಯಾಂಡ್ ಅದನ್ನು ತಡೆದಿದೆ. ಆದ್ದರಿಂದ ಎಕ್ಸ್‌ಬೈಂಡ್‌ಕೀಸ್, ಆಟೋಕೀ ಮೊದಲಾದ ಹಳೆಯ ಸಾಧನಗಳಿಂದ ಮಾಡಿಕೊಂಡ ಶಾರ್ಟ್‌ಕಟ್‌ಗಳು ಅಲ್ಲಿ ಹಿಂದಿನಂತೆ ನಡೆಯುವುದಿಲ್ಲ. ಅವುಗಳನ್ನು ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲೇ ಮತ್ತೆ ಬರೆದುಕೊಳ್ಳುವುದು ಶಾಶ್ವತ ಪರಿಹಾರ.

ಪತ್ತೆ ಹಚ್ಚುವ ಪರೀಕ್ಷೆಗಳು

ಇಷ್ಟಾದರೂ ಕಾರಣ ಸಿಗದಿದ್ದರೆ ಕೀ ಸಾಗುವ ದಾರಿಯನ್ನು ಬುಡದಿಂದ ನೋಡಬೇಕು. ಮೊದಲು ಬೇರೊಂದು ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ನೋಡಿ. ಮುಂಬಯಿಯ ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ ಕೀಬೋರ್ಡಿಗೆ ಒಳ್ಳೆಯದಲ್ಲ. ಒಂದು ಕಂಟ್ರೋಲ್ ಕೀ ಸವೆದಿದ್ದರೆ ಸಾಫ್ಟ್‌ವೇರ್‌ನಲ್ಲಿ ಎಷ್ಟು ಹುಡುಕಿದರೂ ಉತ್ತರ ಸಿಗದು. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೀಯ ಲಾಕ್ ಬಿದ್ದಿದೆಯೇ ನೋಡಿ.

ಕೀ ಕರ್ನಲ್‌ವರೆಗೆ ಬರುತ್ತಿದೆಯೇ ಎಂದು ತಿಳಿಯಲು ‘ಎವ್‌ಟೆಸ್ಟ್’ ಎಂಬ ಸಣ್ಣ ಪ್ರೋಗ್ರಾಂ ಇದೆ. ಒತ್ತಿದ ಕೀಯ ಸಂಖ್ಯೆಯನ್ನು ಅದು ತೋರಿಸುತ್ತದೆ. ಸಿ ಒತ್ತಿದಾಗ 46 ಕಂಡರೆ ಕೀಬೋರ್ಡ್ ಆರೋಗ್ಯವಾಗಿದೆ. ಆ ಸಂಖ್ಯೆ ಯಾವ ಅಕ್ಷರವಾಯಿತು ಎಂಬುದನ್ನು ಎಕ್ಸ್‌ನಲ್ಲಿ ‘ಎಕ್ಸ್‌ಇವಿ’, ವೇಲ್ಯಾಂಡ್‌ನಲ್ಲಿ ‘ಡಬ್ಲ್ಯುಇವಿ’ ತೋರಿಸುತ್ತವೆ. ಎಕ್ಸ್‌ಇವಿ ಕಿಟಕಿಯಲ್ಲಿ ನೀವು ಜೋಡಿ ಒತ್ತಿದಾಗ ಕೀ ಒತ್ತಿದ ಸುದ್ದಿ ಬರದೆ, ಗಮನ ಕಿಟಕಿಯಿಂದ ಹೋಗಿ ಬಂದ ಸುದ್ದಿ ಮಾತ್ರ ಬಂದರೆ, ಬೇರೊಂದು ಪ್ರೋಗ್ರಾಂ ಅದನ್ನು ಮೊದಲೇ ಹಿಡಿದುಕೊಂಡಿದೆ. ವರ್ಚುವಲ್ ಮಷಿನ್, ರಿಮೋಟ್ ಡೆಸ್ಕ್‌ಟಾಪ್, ಸ್ಕ್ರೀನ್‌ಶಾಟ್ ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿ.

ಕೊನೆಯ ಪರೀಕ್ಷೆ ಅತ್ಯಂತ ಸರಳ, ಅತ್ಯಂತ ಖಚಿತ. ಯಂತ್ರದಲ್ಲಿ ಹೊಸ ಬಳಕೆದಾರರ ಖಾತೆ ತೆರೆದು ಅಲ್ಲಿ ಒತ್ತಿ ನೋಡಿ. ಅಲ್ಲಿ ಸರಿಯಿದ್ದರೆ ದೋಷ ನಿಮ್ಮ ಖಾತೆಯ ಸೆಟ್ಟಿಂಗ್‌ಗಳಲ್ಲಿದೆ; ಇಡೀ ಲಿನಕ್ಸ್ ಅನ್ನು ಮತ್ತೆ ಹಾಕಿಸುವ ಖರ್ಚು ಬೇಕಿಲ್ಲ. ಅಲ್ಲೂ ಕೆಟ್ಟಿದ್ದರೆ ದೋಷ ವ್ಯವಸ್ಥೆಯಲ್ಲಿ ಅಥವಾ ಯಂತ್ರದಲ್ಲಿದೆ.

ಹುಡುಕಿದ್ದು ಸಿಕ್ಕಿದ ಮೇಲೆ ಇನ್ನೊಂದು ಕೆಲಸ ಬಾಕಿ ಉಳಿಯುತ್ತದೆ. ಕನ್ನಡ ಲೇಔಟ್‌ನಲ್ಲಿ ಶಾರ್ಟ್‌ಕಟ್ ನಡೆಸದ ಆ್ಯಪ್ ಕಂಡರೆ ಅದನ್ನು ಮಾಡಿದವರಿಗೆ ಬರೆಯಿರಿ. ಲಿನಕ್ಸ್‌ನ ಬಹುಪಾಲು ಆ್ಯಪ್‌ಗಳಿಗೆ ದೋಷ ತಿಳಿಸುವ ಬಹಿರಂಗ ವ್ಯವಸ್ಥೆ ಇದೆ, ಹಣ ಕೊಡಬೇಕಿಲ್ಲ. ಡೆಸ್ಕ್‌ಟಾಪಿನ ಹೆಸರು ಮತ್ತು ಆವೃತ್ತಿ, ಎಕ್ಸ್ ಅಥವಾ ವೇಲ್ಯಾಂಡ್, ಕನ್ನಡದ ಯಾವ ಲೇಔಟ್, ಯಾವ ಜೋಡಿ ಒತ್ತಿದಾಗ ಏನಾಗಬೇಕಿತ್ತು, ಏನಾಯಿತು, ಇಷ್ಟನ್ನು ಬರೆದರೆ ಸಾಕು. ಆ ಆ್ಯಪ್ ಬರೆದವರ ಮೇಜಿನ ಮೇಲೆ ಕನ್ನಡ ಕೀಬೋರ್ಡ್ ಇರುವುದಿಲ್ಲ. ಕಂಟ್ರೋಲ್-ಚ ಒತ್ತಿದಾಗ ಏನಾಗುತ್ತದೆ ಎಂದು ಅವರಿಗೆ ಗೊತ್ತಾಗಬೇಕಾದರೆ ಒತ್ತಿದವರೇ ಹೇಳಬೇಕು. ಕನ್ನಡ ತೆಗೆದುಹಾಕಿದವನ ಯಂತ್ರ ಅವನೊಬ್ಬನಿಗೆ ಸರಿಹೋಗುತ್ತದೆ. ದೋಷ ಬರೆದು ತಿಳಿಸಿದವನಿಂದ ಕನ್ನಡ ಬರೆಯುವ ಎಲ್ಲರ ಯಂತ್ರವೂ ಸರಿಹೋಗುವ ದಾರಿ ತೆರೆಯುತ್ತದೆ.